ಪರದೆಯ ಹಿಂಬದಿಯಲ್ಲಿ ನಂಜುಂಡಿ ಕಲ್ಯಾಣ

ಬೆಂಗಳೂರಿನ ಶ್ರೀನಗರದಲ್ಲಿ ಗಣೇಶನ ಹಬ್ಬ ಅಂದರೆ ಒಂದು ದಿನದ ಮಾತಲ್ಲ. ಒಂದು ಕ್ರಾಸಿನವರು ತಮ್ಮ ಗಣೇಶನನ್ನು ಯಡಿಯೂರು ಕೆರೆಗೆ ಬಿಟ್ಟು ಬರುವಷ್ಟರಲ್ಲಿ ಪಕ್ಕದ ಕ್ರಾಸಿನವರು ಇನ್ನೊಂದನ್ನು ಕೂರಿಸಿರುತ್ತಿದ್ದರು. ಭಾದ್ರಪದ ಕಳೆದರೂ ಮೈಕ್‌ಸೆಟ್ಟಿನ ಸದ್ದು ನಿಲ್ಲುತ್ತಿರಲಿಲ್ಲ. ಒಬ್ಬರು ಆರ್ಕೆಸ್ಟ್ರಾ ಇಟ್ಟರೆ ಇನ್ನೊಬ್ಬರು ಹರಿಕಥೆ ಇಡೋರು. ಕೈಯಲ್ಲಿ ಸ್ವಲ್ಪ ಚಂದಾ ಮಿಕ್ಕಿದ ಬೀದಿಯವರು ಸಿನಿಮಾ ಹಾಕಿಸೋರು. ನಾನು ಹೇಳಹೊರಟಿರುವುದು ಆ ಸಿನಿಮಾದ ಒಂದು ರಾತ್ರಿಯ ಕಥೆ. 1992ನೇ ಇಸವಿ. ನಾನಾಗ ಹೈಸ್ಕೂಲು ಮೆಟ್ಟಿಲು ಹತ್ತಿದ್ದ ಹುಡುಗ.

ಬೀದಿಯ ಸಿನಿಮಾ ನೋಡದವರಿಗೆ ಅದು ಹೇಗಿರುತ್ತಿತ್ತು ಅಂತ ಮೊದಲು ಹೇಳಬೇಕು. ಗಾಂಧಿನಗರದಿಂದ 16 ಎಂಎಂ ರೀಲಿನ ಡಬ್ಬಗಳು ಆಟೋದಲ್ಲಿ ಬರುತ್ತಿದ್ದವು. ರಸ್ತೆಯ ಎರಡೂ ಕಡೆ ಸರ್ವೆ ಕಂಬ ನೆಟ್ಟು, ನಡುವೆ ಕಪ್ಪು ಅಂಚಿನ ಬಿಳಿ ಬಟ್ಟೆ ಎಳೆದು ಕಟ್ಟೋರು. ದೂರದಲ್ಲಿ ಒಂದು ಮೇಜು, ಮೇಜಿನ ಮೇಲೆ ಪ್ರೊಜೆಕ್ಟರು. ಪರದೆಯ ಬುಡದಲ್ಲಿ ಸ್ಪೀಕರ್ ಡಬ್ಬ. ಪ್ರೊಜೆಕ್ಟರಿನಿಂದ ಹೊರಟ ಬೆಳಕಿನಲ್ಲಿ ಮಳೆಹುಳಗಳು ತೇಲಾಡೋವು. ಚಾಪೆ, ಗೋಣಿಚೀಲ, ಮಣೆ, ಏನು ಸಿಕ್ಕಿತೋ ಅದನ್ನು ತಂದು ಜನ ಸಂಜೆಯೇ ಜಾಗ ಹಿಡಿಯೋರು. ಮುಂದಿನ ಜಾಗವೆಲ್ಲ ಗಂಡಸರು, ಹುಡುಗರ ಪಾಲು. ನಮ್ಮ ಮನೆ ಇದ್ದದ್ದು ಪರದೆಯ ಆಚೆ ಬದಿಗೆ. ಹಾಗಾಗಿ ನಮ್ಮ ಮನೆಯವರು, ಅಕ್ಕಪಕ್ಕದ ಹೆಂಗಸರು, ಎಲ್ಲ ನಮ್ಮ ಜಗಲಿಯ ಮೇಲೆ ಕೂತು ಹಿಂಬದಿಯಿಂದ ನೋಡುತ್ತಿದ್ದೆವು. ಬಟ್ಟೆ ತೆಳ್ಳಗಿದ್ದುದರಿಂದ ಚಿತ್ರ ಈ ಕಡೆಗೂ ಚೆನ್ನಾಗಿಯೇ ಕಾಣುತ್ತಿತ್ತು. ಎಲ್ಲವೂ ಎಡಬಲ ಮಾತ್ರ. ಹೆಂಗಸರ ಸೆರಗು ಬಲಭುಜದ ಮೇಲೆ, ಗಂಡಸರ ಗಡಿಯಾರ ಬಲಗೈಗೆ, ಊಟ ಮಾಡುವವರೆಲ್ಲ ಎಡಗೈಯಲ್ಲಿ ತುತ್ತು ಕಲಸೋರು. ಮೂಲೆಮನೆ ಅಜ್ಜಿಗೆ ಇದು ಕೊನೆಯವರೆಗೂ ಸರಿಹೋಗಲಿಲ್ಲ. ದೇವರ ಪೂಜೆಯ ದೃಶ್ಯ ಬಂದರೆ ಎಡಗೈಯಲ್ಲಿ ಆರತಿ ಎತ್ತಬಾರದು ಅಂತ ಪರದೆಗೇ ಕೂಗಿ ಹೇಳೋರು.

ಆ ವರ್ಷ ತಂದದ್ದು ‘ನಂಜುಂಡಿ ಕಲ್ಯಾಣ’. ಸಿನಿಮಾ ಬಂದದ್ದು 1989ರಲ್ಲಿ. ಎಂ.ಎಸ್. ರಾಜಶೇಖರ್ ನಿರ್ದೇಶನ, ಚಿ. ಉದಯಶಂಕರ್ ಬರವಣಿಗೆ, ಉಪೇಂದ್ರಕುಮಾರ್ ಸಂಗೀತ. ನಾಯಕ ರಾಘವೇಂದ್ರ ರಾಜ್‌ಕುಮಾರ್. ಅದಕ್ಕೆ ಹಿಂದಿನ ವರ್ಷವಷ್ಟೇ ‘ಚಿರಂಜೀವಿ ಸುಧಾಕರ’ದಲ್ಲಿ ನಾಯಕನಾಗಿ ಕಾಣಿಸಿಕೊಂಡಿದ್ದರು. ನಾಯಕಿಯಾಗಿ ಒಬ್ಬ ಹೊಸ ಹುಡುಗಿ. ಮಾಲಾಶ್ರೀ ಅಂತ ಹೆಸರು. ಆ ಹೆಸರಿಟ್ಟು ಅವಳನ್ನು ಕನ್ನಡಕ್ಕೆ ಕರೆತಂದದ್ದು ಪಾರ್ವತಮ್ಮ ರಾಜ್‌ಕುಮಾರ್. ಸಿನಿಮಾ ಬಂದಾಗ ನಮ್ಮ ಬೀದಿಯ ಅರ್ಧ ಜನ ನೋಡಿದ್ದರು. ನಮ್ಮ ಮನೆಯವರು ನೋಡಿರಲಿಲ್ಲ. ಜಯನಗರದ ನಂದಾಕ್ಕೋ ಮೆಜೆಸ್ಟಿಕ್ಕಿಗೋ ಇಡೀ ಸಂಸಾರ ಹೊರಡುವುದೆಂದರೆ ಟಿಕೆಟ್ಟಿನ ಜೊತೆಗೆ ಬಸ್ಸಿನ ದುಡ್ಡು, ಇಂಟರ್‌ವಲ್ಲಿನ ಖರ್ಚು ಎಲ್ಲ ಸೇರಿ ತಿಂಗಳ ಲೆಕ್ಕ ತಪ್ಪುತ್ತಿತ್ತು. ಹಾಡುಗಳು ಮಾತ್ರ ಎಲ್ಲರಿಗೂ ಬಾಯಿಪಾಠ. ಆ ದಿನ ಬೆಳಗ್ಗೆಯಿಂದ ಪೆಂಡಾಲಿನ ಮೈಕಿನಲ್ಲಿ ಮಂಜುಳಾ ಗುರುರಾಜ್ ಹಾಡಿದ ಆ ಕುಡಿತದ ಹಾಡೊಂದೇ ಹಾಡು. ಹುಡುಗಿಯೊಬ್ಬಳು ಕುಡಿದು, ತೂರಾಡಿ, ಮನಸ್ಸಿಗೆ ಬಂದಂತೆ ಹಾಡುವುದನ್ನು ಕೇಳಿ ಹಿರಿಯರು ಮುಖ ಗಂಟುಹಾಕೋರು. ಒಳಗೆ ಊದುಬತ್ತಿ ಹೊಸೆಯುತ್ತ ಕೂತಿದ್ದ ನಮ್ಮತ್ತೆ ಅದೇ ಹಾಡಿಗೆ ಕಾಲಿನ ಬೆರಳಲ್ಲಿ ತಾಳ ಹಾಕೋರು.

ಈ ಕಥೆ ಅತ್ತೆಯದೇ. ಅಪ್ಪನ ಕೊನೆಯ ತಂಗಿ. ವಯಸ್ಸು ಇಪ್ಪತ್ತಾರು ದಾಟಿತ್ತು, ಮದುವೆ ಆಗಿರಲಿಲ್ಲ. ಆ ಕಾಲಕ್ಕೆ ನಮ್ಮಂಥ ಮನೆಗಳಲ್ಲಿ ಅದು ದೊಡ್ಡ ವಯಸ್ಸು. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಹೆಂಗಸರು ಊದುಬತ್ತಿ ಹೊಸೆಯುತ್ತಿದ್ದರು. ಮೇಸ್ತ್ರಿ ಇದ್ದಿಲಪುಡಿ, ಜಿಗಟಿನ ಪುಡಿ, ಬಿದಿರಿನ ಕಡ್ಡಿಯ ಕಟ್ಟು ತೂಕ ಮಾಡಿ ಕೊಟ್ಟುಹೋಗೋನು. ಪುಡಿಗೆ ನೀರು ಹಾಕಿ ರೊಟ್ಟಿಹಿಟ್ಟಿನ ಹದಕ್ಕೆ ನಾದಬೇಕು. ಎಡಗೈಯಲ್ಲಿ ಕಡ್ಡಿ ಹಿಡಿದು, ಬಲಗೈಯಲ್ಲಿ ಹಿಟ್ಟಿನ ಉಂಡೆ ಒತ್ತಿ, ಮಣೆಯ ಮೇಲೆ ಒಂದೇ ಎಳೆತಕ್ಕೆ ಉರುಳಿಸಿದರೆ ಬತ್ತಿ. ತುದಿಯಲ್ಲಿ ಹಿಡಿಯೋಕೆ ಬೇಕಾದಷ್ಟು ಕಡ್ಡಿ ಬರಿದಾಗಿ ಉಳಿಯಬೇಕು, ಮೈ ಎಲ್ಲೂ ಉಬ್ಬಬಾರದು. ಅತ್ತೆ ಉರುಳಿಸಿದರೆ ಒಂದು ಬತ್ತಿಗೂ ಇನ್ನೊಂದಕ್ಕೂ ಕೂದಲಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಸಾವಿರ ಬತ್ತಿಗೆ ಇಷ್ಟು ಅಂತ ಕೂಲಿ. ಗಂಧ ಹಾಕುವುದೆಲ್ಲ ಆಮೇಲೆ ಕಾರ್ಖಾನೆಯಲ್ಲಿ. ಹಾಗಾಗಿ ದಿನವೆಲ್ಲ ಊದುಬತ್ತಿ ಮಾಡುವ ನಮ್ಮ ಮನೆಗೆ ಊದುಬತ್ತಿಯ ವಾಸನೆ ಇರಲಿಲ್ಲ, ಇದ್ದಿಲಿನ ವಾಸನೆ ಇತ್ತು. ಅತ್ತೆಯ ಅಂಗೈ ಗೆರೆಗಳಲ್ಲಿ ಕೂತ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಗಂಡಿನ ಕಡೆಯವರು ನೋಡಲು ಬರುವ ದಿನ ನಮ್ಮಜ್ಜಿ ನಿಂಬೆಹಣ್ಣಿನ ಸಿಪ್ಪೆ ಕೊಟ್ಟು ತಿಕ್ಕಿಸೋರು.

ಹಬ್ಬಕ್ಕೆ ಮುಂಚಿನ ಭಾನುವಾರ ಹಾಗೊಬ್ಬರು ಬಂದು ಹೋಗಿದ್ದರು. ಮಾಗಡಿ ಕಡೆಯವರು. ಹುಡುಗ ಪೀಣ್ಯದ ಕಡೆ ಕೆಲಸದಲ್ಲಿದ್ದ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗಿ ಒಪ್ಪಿಗೆ ಅಂತಲೂ ಆಯಿತು. ಹುಡುಗನ ತಂದೆ ಎಲೆಅಡಿಕೆ ಹಾಕಿಕೊಳ್ಳುತ್ತ ಅಪ್ಪನಿಗೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: “ನಾವು ಬಾಯಿಬಿಟ್ಟು ಕೇಳೋ ಜನ ಅಲ್ಲ ಸ್ವಾಮಿ. ನಿಮ್ಮ ಹುಡುಗಿಗೆ ನೀವೇನು ಹಾಕ್ತೀರೋ ಅದು ನಿಮ್ಮಿಷ್ಟ. ಮದುವೆ ಮಾತ್ರ ಚೆನ್ನಾಗಿ ಮಾಡ್ಕೊಡಿ.” ಮನೆಯಲ್ಲಿ ಎಲ್ಲರಿಗೂ ಸಂತೋಷ. ಇಂಥ ಒಳ್ಳೆಯ ಜನ ಸಿಗೋದು ಕಷ್ಟ ಅಂತ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಎರಡು ದಿನ ಬಿಟ್ಟು ಸಂಬಂಧ ತಂದಿದ್ದ ದಲ್ಲಾಳಿ ಒಬ್ಬನೇ ಬಂದ. ಹುಡುಗನಿಗೆ ಚೈನು, ಉಂಗುರ, ಸೂಟು, ವಾಚು. ಓಡಾಟಕ್ಕೆ ದೂರ ಆಗುತ್ತಲ್ಲ, ಅದಕ್ಕೊಂದು ಸ್ಕೂಟರು. ಛತ್ರ ಇಂಥ ಮಟ್ಟದ್ದು. ಬೀಗರ ಕಡೆಯಿಂದ ಎರಡು ಬಸ್ಸು ಜನ, ಅವರ ಬಸ್ಸಿನ ಬಾಡಿಗೆಯೂ ನಮ್ಮದೇ. “ಅವರೇನೂ ಕೇಳಿಲ್ಲ, ನಾನೇ ಹೇಳ್ತಿರೋದು. ಇಷ್ಟಾದರೆ ಅವರಿಗೂ ಮರ್ಯಾದೆ, ನಿಮಗೂ ಮರ್ಯಾದೆ” ಅಂದ.

ವರದಕ್ಷಿಣೆ ನಿಷೇಧದ ಕಾಯ್ದೆ 1961ರಿಂದ ಇದೆ. ಅದನ್ನು 1984ರಲ್ಲಿ, 1986ರಲ್ಲಿ ಬಿಗಿ ಮಾಡಿದ್ದೂ ಆಗಿತ್ತು. ಬೀದಿನಾಟಕದವರು ನಮ್ಮ ಬಸ್ ಸ್ಟಾಂಡಿನ ಹತ್ತಿರ ಬಂದು ಅದರ ಮೇಲೆ ನಾಟಕ ಆಡಿ ಹೋಗಿದ್ದರು. ಕಾಯ್ದೆ ಬಂದ ಮೇಲೆ ಬದಲಾದದ್ದು ಕೇಳುವ ರೀತಿ. ಕೇಳುವವರು ಬಾಯಿ ಮುಚ್ಚಿಕೊಂಡರು, ಕೇಳುವ ಕೆಲಸ ದಲ್ಲಾಳಿಯ ಪಾಲಾಯಿತು. ಕೊಡುವುದು ಕೊಡುವವರ ಆಸೆ ಅಂತ ಹೆಸರು ಪಡೆಯಿತು. ಅಪ್ಪ ಕತ್ರಿಗುಪ್ಪೆ ಆಚೆ ಒಂದು ಚಿಕ್ಕ ರೆವಿನ್ಯೂ ಸೈಟು ಹಿಡಿದಿಟ್ಟಿದ್ದರು. ದಲ್ಲಾಳಿ ಬಂದುಹೋದ ರಾತ್ರಿ ಅದರ ಕಾಗದ ಹೊರಗೆ ಬಂತು. ಅಜ್ಜಿಯ ಕಾಸಿನ ಸರವೂ ಪೆಟ್ಟಿಗೆಯಿಂದ ಇಳಿಯಿತು. ಅತ್ತೆ ಒಳಗಿನ ಕೋಣೆಯಲ್ಲಿ ಬತ್ತಿ ಕಟ್ಟು ಕಟ್ಟುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಮನೆಯಲ್ಲಿ ಹೀಗಿರುವಾಗ ಸಿನಿಮಾದ ರಾತ್ರಿ ಬಂತು.

ಟೈಟಲ್ ಕಾರ್ಡು ಶುರುವಾಯಿತು. ಹಿಂಬದಿಯಿಂದ ಅಕ್ಷರವೆಲ್ಲ ತಿರುವುಮುರುವು. ಅಜ್ಜಿಗೆ ನೇರ ಅಕ್ಷರವೇ ಬರುತ್ತಿರಲಿಲ್ಲ. ಅತ್ತೆ ತಿರುಗಿದ ಅಕ್ಷರವನ್ನು ಸರಾಗವಾಗಿ ಓದಿ ಹೇಳುತ್ತ ಹೋದರು. ನಿರ್ಮಾಪಕರ ಹೆಸರು ಬಂದಾಗ ಒಂದು ಗಳಿಗೆ ನಿಂತು, “ನೋಡಮ್ಮ, ದುಡ್ಡು ಹಾಕಿದೋರು ಹೆಂಗಸು” ಅಂದರು. ರಾಜ್‌ಕುಮಾರ್ ಸಿನಿಮಾಗಳ ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವುದು ಪಾರ್ವತಮ್ಮನವರು ಅಂತ ಬೀದಿಗೆಲ್ಲ ಗೊತ್ತಿತ್ತು. 1975ರ ‘ತ್ರಿಮೂರ್ತಿ’ಯಿಂದ ಶುರುಮಾಡಿ ಅವರು ನಿರ್ಮಾಪಕಿಯಾಗಿ ನಿಂತವರು. ಆದರೂ ಆ ಹೆಸರನ್ನು ಅತ್ತೆ ಓದಿದ ರೀತಿಯಲ್ಲಿ ಏನೋ ಇತ್ತು. ಅಮ್ಮ ಅವರ ಮುಖ ನೋಡಿದ್ದು ನನಗೆ ನೆನಪಿದೆ.

ಆಮೇಲೆ ಮಾಲಾಶ್ರೀ ಬಂದಳು. ದೊಡ್ಡ ಬಂಗಲೆ, ಕಾರು, ಆಳುಕಾಳು, ಮಗಳ ಬಾಯಿಗೆ ಹೆದರುವ ಅಪ್ಪ. ಬಂದ ಗಂಡುಗಳನ್ನೆಲ್ಲ ಬೈದು ಅಟ್ಟುವ ಹುಡುಗಿ. ಈ ಕಥೆಯ ಬುಡ ಎಲ್ಲರಿಗೂ ಗೊತ್ತಿರುವುದೇ. ಗರ್ವದ ಹೆಣ್ಣು, ಅವಳ ಗರ್ವ ಇಳಿಸಲು ಬರುವ ಗಂಡು. ನಮ್ಮ ಜಗಲಿಯ ಮೇಲೆ ಆದದ್ದೇ ಬೇರೆ. ಪರದೆಯ ಮುಂದೆ ಕೂತ ಹುಡುಗರು ರಾಘವೇಂದ್ರ ರಾಜ್‌ಕುಮಾರ್ ಬಂದಾಗ ಶಿಳ್ಳೆ ಹೊಡೆದರು. ಹಿಂಬದಿಯ ಹೆಂಗಸರು ನಕ್ಕದ್ದು, ಕೈಚಪ್ಪಾಳೆ ತಟ್ಟಿದ್ದು ಮಾಲಾಶ್ರೀ ಒಬ್ಬೊಬ್ಬರ ಮುಖಕ್ಕೆ ಹೊಡೆದಂತೆ ಮಾತಾಡಿದಾಗ. ದಿನವೆಲ್ಲ ಮೇಸ್ತ್ರಿಗೆ, ಅತ್ತೆ-ಮಾವನಿಗೆ, ಗಂಡನಿಗೆ, ನಲ್ಲಿ ಸಾಲಿನಲ್ಲಿ ಮುಂದೆ ನಿಂತವಳಿಗೆ, ಎಲ್ಲರಿಗೂ ತಗ್ಗಿ ಮಾತಾಡಿ ಬಂದ ಹೆಂಗಸರು. ಅವರಿಗೆ ಆ ಹುಡುಗಿಯ ಬಾಯಿ ಹಬ್ಬದೂಟದ ಹಾಗೆ ರುಚಿಸಿತು. ಊದುಬತ್ತಿ ಹೊಸೆಯುವ ಪಕ್ಕದ ಮನೆಯಾಕೆಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಅತ್ತೆ ಮಾತ್ರ ನಗಲಿಲ್ಲ. ಮೊಣಕಾಲು ತಬ್ಬಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1992ಕ್ಕೆ ಮಾಲಾಶ್ರೀ ಹೊಸಬಳಾಗಿ ಉಳಿದಿರಲಿಲ್ಲ. ‘ಗಜಪತಿ ಗರ್ವಭಂಗ’ ಬಂದಿತ್ತು, ‘ರಾಣಿ ಮಹಾರಾಣಿ’ಯ ಎರಡು ಪಾತ್ರ ಆಗಿತ್ತು, ‘ರಾಮಾಚಾರಿ’ ಊರೆಲ್ಲ ಓಡಿತ್ತು, ‘ಎಸ್.ಪಿ. ಭಾರ್ಗವಿ’ಯಲ್ಲಿ ಖಾಕಿ ತೊಟ್ಟು ಪೊಲೀಸ್ ಆಗಿದ್ದಳು. ನಾಯಕನ ಹೆಸರಿನ ಬದಲು ನಾಯಕಿಯ ಹೆಸರು ನೋಡಿ ಕನ್ನಡದ ಜನ ಟಿಕೆಟ್ಟಿಗೆ ಸಾಲು ನಿಂತ ಕಾಲ ಅದು. ‘ಕನಸಿನ ರಾಣಿ’ ಅಂತ ಬಿರುದು ಕೊಟ್ಟು ಕರೆದರು. ನಮ್ಮ ಬೀದಿಯವರು ಆ ರಾತ್ರಿ ಹಳೆಯ ಸಿನಿಮಾದಲ್ಲಿ ನೋಡುತ್ತಿದ್ದುದು ಆಗಲೇ ಎಸ್.ಪಿ. ಆಗಿಹೋಗಿದ್ದ ಹುಡುಗಿಯನ್ನು. ಅವಳ ಗರ್ವ ಇಳಿಯುತ್ತದೆ ಅಂತ ಕಥೆ ಹೇಳುತ್ತಿತ್ತು. ಅದು ಇಳಿದಿಲ್ಲ ಅಂತ ನೋಡುವವರಿಗೆ ಮೊದಲೇ ಗೊತ್ತಿತ್ತು.

ಮದುವೆಯೂ ಆಯಿತು ಪರದೆಯ ಮೇಲೆ. ಗರ್ವ ಇಳಿಸುವ ಭಾಗ ಶುರುವಾಯಿತು ಅನ್ನುವಾಗ ಒಂದು ರೀಲು ಮುಗಿದು ದೀಪ ಹತ್ತಿತು. ಆಪರೇಟರು ಮುಂದಿನ ರೀಲು ಏರಿಸುತ್ತಿದ್ದ. ರಾಮಾಂಜನೇಯ ಗುಡ್ಡದ ಕಡೆಯಿಂದ ಗಾಳಿ ಎದ್ದಿತು, ಹಿಂದೆಯೇ ಮಳೆ. ಪರದೆ ಹಾಯಿಯಂತೆ ಉಬ್ಬಿ ಒಂದು ಕಂಬ ವಾಲಿತು. ನಾಲ್ಕು ಜನ ಪ್ರೊಜೆಕ್ಟರಿಗೆ ಟಾರ್ಪಾಲು ಹೊದಿಸಿ, ಮೇಜು ಸಮೇತ ಎತ್ತಿಕೊಂಡು ಓಡಿದರು. ಕೆಇಬಿಯವರು ಎಂದಿನಂತೆ ಕರೆಂಟು ತೆಗೆದರು. ಮುಂದೆ ಕೂತಿದ್ದ ಗಂಡಸರೆಲ್ಲ ನೆನೆಯುತ್ತ ಬಂದು ನಮ್ಮ ಜಗಲಿಗೇ ಹತ್ತಿದರು. ಅಮ್ಮ ಒಂದು ಲಾಟೀನು ತಂದಿಟ್ಟರು. ಹೊರಗೆ ಜಡಿಮಳೆ, ಜಗಲಿಯ ಮೇಲೆ ಅರ್ಧ ಬೀದಿ. ಸಿನಿಮಾ ಅರ್ಧಕ್ಕೆ ನಿಂತಾಗ ಜನ ಸುಮ್ಮನಿರುತ್ತಾರೆಯೇ? ನೋಡಿದವರು ನೋಡದವರಿಗೆ ಉಳಿದ ಕಥೆ ಹೇಳಲು ಶುರುಮಾಡಿದರು. ಹೇಳುತ್ತ ಹೇಳುತ್ತ ಜಗಳಕ್ಕೇ ಬಂತು.

“ಹೆಣ್ಣಿಗೆ ಅಷ್ಟು ಗರ್ವ ಒಳ್ಳೇದಲ್ಲಮ್ಮ. ನಂಜುಂಡಿ ಸರಿಯಾಗೇ ಮಾಡ್ತಾನೆ” ಅಂದರು ಮೂಲೆಮನೆ ಅಜ್ಜಿ.

“ದುಡ್ಡಿರೋಳಿಗೆ ಗರ್ವ ಇದ್ರೆ ಏನಜ್ಜಿ ತಪ್ಪು? ಇಲ್ದೋರಿಗೇ ಇರುತ್ತೆ” ಅಂದಳು ಪಕ್ಕದ ಮನೆಯಾಕೆ.

ಗಣೇಶನ ಕಮಿಟಿಯ ಹಿರಿಯರೊಬ್ಬರು ನಂಜುಂಡಿಯ ದೊಡ್ಡತನ ಎತ್ತಿದರು. ಅಷ್ಟು ಶ್ರೀಮಂತರ ಮನೆ, ಮನಸ್ಸು ಮಾಡಿದ್ದರೆ ಏನು ಬೇಕಾದರೂ ಕೇಳಬಹುದಿತ್ತು. ಈ ಕಾಲದ ಗಂಡುಗಳ ಹಾಗೆ ಬಾಯಿಬಿಡಲಿಲ್ಲ ನೋಡಿ, ಎಂದರು. ಅಪ್ಪ ತಲೆ ಆಡಿಸಿದರು.

ಆಗ ಅತ್ತೆ ಮಾತಾಡಿದರು. ಅಷ್ಟು ಗಂಡಸರ ಎದುರಿಗೆ ಅವರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ಅವನು ಕೇಳೋದು ಯಾಕೆ ಬೇಕು? ಅವಳ ಅಪ್ಪನಿಗೆ ಗಂಡುಮಕ್ಕಳು ಯಾರಿದಾರೆ ಅಂತ ನೋಡಿದ್ರಾ? ಆ ಬಂಗಲೆ, ಆ ಕಾರು ನಾಳೆ ಯಾರಿಗೆ ಹೋಗುತ್ತೆ? ಬಾಯಿಬಿಟ್ಟು ಕೇಳದೇ ಇರೋರೇ ಎಲ್ಲ ತಗೊಂಡು ಹೋಗೋದು.”

ಯಾರೂ ಏನೂ ಅನ್ನಲಿಲ್ಲ. ಅತ್ತೆ ಅಪ್ಪನ ಕಡೆ ತಿರುಗಿದರು. “ಅಣ್ಣ, ಸೈಟು ಮಾರಬೇಡ. ಅಮ್ಮನ ಸರಾನೂ ಇಡಬೇಡ. ನನಗೆ ಆ ಸಂಬಂಧ ಬೇಡ.”

“ಒಳಗೆ ಹೋಗಿ ಮಾತಾಡೋಣ ನಡಿ” ಅಂದರು ಅಪ್ಪ.

“ಒಳಗೆ ಮಾತಾಡಿದ್ರೆ ನೀನು ನನ್ನ ಸಮಾಧಾನ ಮಾಡ್ತೀಯ. ಅದಕ್ಕೇ ಇಲ್ಲಿ ಹೇಳ್ತಿದೀನಿ. ಆ ಹುಡುಗಿಗೆ ಅವರಪ್ಪನ ದುಡ್ಡಿತ್ತು, ಬೇಡ ಅನ್ನೋ ಧೈರ್ಯ ಬಂತು. ನನಗೆ ದಿನಾ ಸಾವಿರದ ಲೆಕ್ಕದಲ್ಲಿ ಬತ್ತಿ ಬರುತ್ತೆ. ನನ್ನ ಅನ್ನ ನನಗಿದೆ.”

ಅಜ್ಜಿ ಅಳತೊಡಗಿದರು. ಕಮಿಟಿಯ ಹಿರಿಯರು ಮಳೆ ಕಡಿಮೆಯಾಯಿತು ಅಂತ ಎದ್ದರು. ಅದು ಕಡಿಮೆಯಾಗಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಹೋದರು. ಪಕ್ಕದ ಮನೆಯಾಕೆ ಹೋಗುವಾಗ ಅತ್ತೆಯ ಕೈ ಹಿಡಿದು ಒಂದು ಸಲ ಅದುಮಿದಳು. ಇಬ್ಬರ ಅಂಗೈಯಲ್ಲೂ ಒಂದೇ ಬಣ್ಣ. ಲಾಟೀನಿನ ಬೆಳಕಿನಲ್ಲಿ ನಾನು ಅದನ್ನು ಹತ್ತಿರದಿಂದ ನೋಡಿದೆ.

ಮಾರನೆಯ ದಿನ ಕಮಿಟಿಯವರು ಆರ್ಕೆಸ್ಟ್ರಾ ಗೊತ್ತುಮಾಡಿದ್ದರು, ರೀಲಿನ ಡಬ್ಬ ಗಾಂಧಿನಗರಕ್ಕೆ ವಾಪಸು ಹೋಗಬೇಕಿತ್ತು. ಹಾಗಾಗಿ ನಮ್ಮ ಬೀದಿಯಲ್ಲಿ ನಂಜುಂಡಿಯ ಕಲ್ಯಾಣ ಅರ್ಧಕ್ಕೇ ನಿಂತಿತು. ಅಪ್ಪ ದಲ್ಲಾಳಿಗೆ ಹೇಳಿಕಳಿಸಲು ವಾರ ತೆಗೆದುಕೊಂಡರು. ಕೋಪವೂ ಇತ್ತು, ದುಃಖವೂ ಇತ್ತು. ದಲ್ಲಾಳಿ ಎರಡನೇ ಸಲ ಬಂದಾಗ ಪಟ್ಟಿಯಿಂದ ಸ್ಕೂಟರು ಬಿಟ್ಟುಹೋಗಿತ್ತು, ಬಸ್ಸು ಒಂದೇ ಆಗಿತ್ತು. ಅತ್ತೆ ಬತ್ತಿ ಉರುಳಿಸುವುದು ನಿಲ್ಲಿಸದೆ, “ಪಟ್ಟಿಯಲ್ಲಿ ನಾನು ಎಲ್ಲಿದೀನಿ ಅಂತ ಕೇಳು ಅಣ್ಣ” ಅಂದರು. ಆಮೇಲೆ ಆ ಮನುಷ್ಯ ನಮ್ಮ ಮನೆಗೆ ಬರಲಿಲ್ಲ.

ಅತ್ತೆಯ ಮದುವೆ ಎರಡು ವರ್ಷ ಬಿಟ್ಟು ಆಯಿತು. ಮಾವ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು, ಆಮೇಲೆ ಆಫ್‌ಸೆಟ್ ಕಲಿತರು. ಮದುವೆ ದೇವಸ್ಥಾನದಲ್ಲಿ. ಊಟ ಅಲ್ಲೇ ಪಕ್ಕದ ಮನೆಯ ಮಹಡಿಯ ಮೇಲೆ. ತಾಳಿ ಎರಡೂ ಕಡೆಯವರು ಅರ್ಧರ್ಧ ಹಾಕಿ ಮಾಡಿಸಿದ್ದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ನಮ್ಮಲ್ಲಿ ಗಾದೆಯೇ ಇದೆ, ‘ಮದುವೆ ಮಾಡಿ ನೋಡು’ ಹೆಸರಿನಲ್ಲಿ ರಾಜ್‌ಕುಮಾರ್, ಉದಯಕುಮಾರ್, ಲೀಲಾವತಿ ಇದ್ದ ಸಿನಿಮಾವೂ 1965ರಲ್ಲಿ ಬಂದಿತ್ತು. ಅದರ ವಸ್ತುವೂ ವರದಕ್ಷಿಣೆಯೇ. ಅಪ್ಪ ಆ ಮದುವೆ ಮಾಡಿಯೂ ನೋಡಿದರು, ಉಳಿದ ಸೈಟಿನಲ್ಲಿ ಆಮೇಲೆ ಮನೆ ಕಟ್ಟಿಯೂ ನೋಡಿದರು. ನಾವು ಈಗಿರುವುದು ಅದೇ ಮನೆಯಲ್ಲಿ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಪಾಠ ಮಾಡುವಾಗ ನಾನು ಬೆಂಚಿನ ಮೇಲೆ ನೆಟ್ಟಗಾದೆ. ಗರ್ವದ ಕೇಟ್, ಅವಳನ್ನು ಮದುವೆಯಾಗಿ ಊಟ ನಿದ್ದೆ ಬಿಡಿಸಿ ಪಳಗಿಸುವ ಪೆಟ್ರೂಚಿಯೋ. ನಮ್ಮ ನಂಜುಂಡಿಯ ಮೂಲ ಅಲ್ಲಿತ್ತು. ಅದು ಕನ್ನಡಕ್ಕೆ ಬಂದ ದಾರಿ ಪರ್ವತವಾಣಿಯವರ ನಾಟಕ ‘ಬಹದ್ದೂರ್ ಗಂಡ’. ‘ಹಗ್ಗದ ಕೊನೆ’ಯಂಥ ಗಂಭೀರ ನಾಟಕ ಬರೆದವರೂ ಅವರೇ. ರಾಜ್‌ಕುಮಾರ್, ಜಯಂತಿ, ಆರತಿ ನಟಿಸಿದ 1976ರ ‘ಬಹದ್ದೂರ್ ಗಂಡು’ವಿನ ಹಿಂದೆಯೂ ಇದೇ ಕಥೆಯ ನೆರಳಿದೆ. 1986ರಲ್ಲಿ ಎಚ್.ಜಿ. ರಾಧಾದೇವಿಯವರ ಕಾದಂಬರಿಯಿಂದ ಬಂದ ‘ಅನುರಾಗ ಅರಳಿತು’ ಬೇರೆ ಕಥೆಯಾದರೂ ಅಲ್ಲೂ ಶ್ರೀಮಂತಿಕೆಯ ಗರ್ವದ ಹೆಣ್ಣು, ಕೈಕೆಲಸದ ಗಂಡು. ಅದನ್ನು ತೆಲುಗಿನಲ್ಲಿ ಚಿರಂಜೀವಿ, ತಮಿಳಿನಲ್ಲಿ ರಜನಿಕಾಂತ್, ಹಿಂದಿಯಲ್ಲಿ ಅನಿಲ್ ಕಪೂರ್ ಮಾಡಿ ಗೆದ್ದರು. ಅಂದರೆ ಭಾಷೆ ಯಾವುದಾದರೂ ಈ ಕಥೆಗೆ ಜನ ಇದ್ದೇ ಇದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಶೇಕ್ಸ್‌ಪಿಯರ್ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಪೆಟ್ರೂಚಿಯೋ ಪಾಡುವಾ ಊರಿಗೆ ಬರುವುದೇ ಹಣವಂತಳನ್ನು ಕಟ್ಟಿಕೊಳ್ಳಲು, ಅದನ್ನು ಎಲ್ಲರೆದುರು ಹೇಳುತ್ತಾನೆ. ಹುಡುಗಿಯ ಅಪ್ಪನನ್ನು ಕಂಡಕೂಡಲೇ ಎಷ್ಟು ಕೊಡುತ್ತೀರಿ ಅಂತ ಕೇಳುತ್ತಾನೆ. ಕೈಗೆ 20,000 ಕ್ರೌನ್, ತನ್ನ ಕಾಲಾನಂತರ ಜಮೀನಿನಲ್ಲಿ ಅರ್ಧ ಅಂತ ಅಪ್ಪ ಒಪ್ಪುತ್ತಾನೆ. ಕೊನೆಯಲ್ಲಿ ಪಳಗಿದ ಮಗಳನ್ನು ನೋಡಿ ಖುಷಿಯಾಗಿ, ಇವಳು ಬೇರೆಯೇ ಮಗಳು, ಇವಳಿಗೆ ಬೇರೆಯೇ ವರದಕ್ಷಿಣೆ ಅಂತ ಇನ್ನೂ 20,000 ಸೇರಿಸುತ್ತಾನೆ. ನಾನೂರು ವರ್ಷದ ಹಿಂದೆ ಲಂಡನ್ನಿನ ರಂಗದ ಮೇಲೆ ಬಿಡಿಸಿ ಹೇಳಿದ್ದ ಆ ಲೆಕ್ಕವನ್ನು ಶ್ರೀನಗರದ ಜಗಲಿಯಲ್ಲಿ, ತಿರುಗಿದ ಪರದೆಯಿಂದ, ಪುಸ್ತಕ ಓದದೆ ಹಿಡಿದವರು ನಮ್ಮತ್ತೆ. ಪಾಠ ಮುಗಿದ ಸಂಜೆ ನಾನು ಸೀದಾ ಅವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, “ಆ ಮನುಷ್ಯ ಒಳ್ಳೇವನು. ಬಾಯಿಬಿಟ್ಟು ಕೇಳಿದಾನೆ. ಕೇಳೋನಿಗೆ ಇಲ್ಲ ಅನ್ನಬಹುದು” ಅಂದರು.

ನಮ್ಮ ಬಡಾವಣೆಯ ಹುಡುಗನೇ ಬಡಾವಣೆಯ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಶ್ರೀನಗರ ಕಿಟ್ಟಿಯಾಗಿ ಪೋಸ್ಟರ್ ಏರಿದ ಮೇಲೆ, ಬೀದಿಗೆ ಸಿನಿಮಾ ಅಂದರೆ ಬೇರೆ ಅಭಿಮಾನವೇ ಬಂತು. ಆ ಹೊತ್ತಿಗೆ ಬೀದಿಯ ಸಿನಿಮಾ ನಿಂತೇಹೋಗಿತ್ತು. ಮನೆಮನೆಗೆ ಕೇಬಲ್ಲು ಬಂದಿತ್ತು, 16 ಎಂಎಂ ಡಬ್ಬಗಳು ಎಲ್ಲಿಗೆ ಹೋದವೋ. ಊದುಬತ್ತಿಯನ್ನು ಮೆಷಿನ್ನು ಮಾಡತೊಡಗಿತು. ಅತ್ತೆ ಹೊಲಿಗೆಗೆ ಇಳಿದರು. ಈಗ ಅವರ ಅಂಗಡಿಯಲ್ಲಿ ಮೂವರು ಹುಡುಗಿಯರು ಬ್ಲೌಸು ಹೊಲಿಯುತ್ತಾರೆ. ಮದುವೆ ಸೀಸನ್ನಿನಲ್ಲಿ ಆರಿ ಕೆಲಸದ ಬ್ಲೌಸಿಗೆ ಜನ ಎಷ್ಟು ಸುರಿಯುತ್ತಾರೆ ಅನ್ನುವುದನ್ನು ಕೇಳಿದರೆ ಅಪ್ಪನ ಕಾಲದ ಛತ್ರದ ಬಾಡಿಗೆ ನೆನಪಾಗುತ್ತದೆ. ಕೇಳುವವರ ಮಾತು ಈಗಲೂ ಅದೇ, ನಿಮ್ಮ ಹುಡುಗಿಗೆ ನೀವೇನು ಮಾಡ್ತೀರೋ ನಿಮ್ಮಿಷ್ಟ. ಅಂಗಡಿಯಲ್ಲಿ ಆ ಮಾತು ಕಿವಿಗೆ ಬಿದ್ದರೆ ಅತ್ತೆ ಕತ್ತರಿ ಕೆಳಗಿಟ್ಟು, ಹೆಣ್ಣಿನ ಕಡೆಯವರನ್ನು ಪಕ್ಕಕ್ಕೆ ಕರೆಯುತ್ತಾರೆ. ಗಿರಾಕಿ ಕಳೆದುಕೊಂಡದ್ದೂ ಉಂಟು. ಅದಕ್ಕವರು ಬೇಸರಪಟ್ಟದ್ದನ್ನು ನಾನು ಕಂಡಿಲ್ಲ.

ಮಿಕ್ಕ ಅರ್ಧ ಸಿನಿಮಾವನ್ನು ಅವರು ನೋಡಿದ್ದು ತೀರಾ ಈಚೆಗೆ. ಒಂದು ಭಾನುವಾರ ಅವರ ಮಗಳು ದೊಡ್ಡ ಟಿವಿಗೆ ಹಾಕಿಕೊಟ್ಟಳು. ನಾನೂ ಇದ್ದೆ. ಈ ಸಲ ಎಲ್ಲರ ಸೆರಗೂ ಎಡಭುಜದ ಮೇಲಿತ್ತು. ಆ ರಾತ್ರಿ ನಗದಿದ್ದ ಅತ್ತೆ ಈ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಡಿತದ ಹಾಡಿಗೆ ಮಗಳ ಜೊತೆ ಸೇರಿ ಹಾಡಿದರು. ರಾಘವೇಂದ್ರ ರಾಜ್‌ಕುಮಾರ್ ಎಷ್ಟು ಮುದ್ದಾಗಿದ್ದರು ಅಂದರು. ಚಿ. ಉದಯಶಂಕರ್ ಮಾತು ಬರೆದಂತೆ ಈಗ ಯಾರೂ ಬರೆಯೋದಿಲ್ಲ ಅಂತಲೂ ಅಂದರು, ಅದು ನಿಜ. ಗರ್ವ ಇಳಿಯುವ ಭಾಗ ಬಂದಾಗ ಎದ್ದು ಹೋಗುತ್ತಾರೇನೋ ಅಂದುಕೊಂಡಿದ್ದೆ. ಹೋಗಲಿಲ್ಲ. ಪೂರ್ತಿ ನೋಡಿದರು.

“ಹೇಗಿತ್ತು ಅತ್ತೆ?” ಅಂದೆ.

“ಚೆನ್ನಾಗಿದೆ ಕಣೋ. ಎಂಥಾ ಹುಡುಗಿ ಅವಳು!” ಅಂದು ಮಗಳ ಕಡೆ ಕೈ ಚಾಚಿದರು. “ಮೊದಲಿನ ಅರ್ಧ ಇನ್ನೊಂದು ಸಲ ಹಾಕು. ಆ ಗಂಡುಗಳನ್ನೆಲ್ಲ ಬೈದು ಕಳಿಸ್ತಾಳಲ್ಲ, ಅಲ್ಲಿಂದ.”